ಕೆಂಪಿನ ಅಡಿಯ ಕಬ್ಬಿಣ

“ಬಣ್ಣ ಹೊಡೀಬೇಕಾ?”

ತಲೆಯೆತ್ತದೆಯೇ ಕೇಳಿದ ಆ ದನಿ ಕಿವಿಗೆ ಬಿದ್ದೊಡನೆ ಜುಂಜಮ್ಮನ ಕೈಯಲ್ಲಿದ್ದ ಸೈಕಲ್ಲು ವಾಲಿತು. ನಾಲ್ಕು ವರ್ಷ... ನಾಲ್ಕು ವರ್ಷಗಳಿಂದ ಅವಳ ನಿದ್ದೆಯನ್ನು ಕದಡುತ್ತಿದ್ದ ದನಿ!

“ಇಲ್ಲ. ಇರೋ ಬಣ್ಣ ತೆಗೀಬೇಕು.”

ಕ್ಯಾತಪ್ಪ ತಲೆಯೆತ್ತಿದ. ಮಧುಗಿರಿ ಬೆಟ್ಟದ ಬರಿಬಂಡೆಯ ಮೇಲಿನ ಬಿಸಿಲೆಲ್ಲ ಆ ಪುಟ್ಟ ಸೈಕಲ್ ಶಾಪಿನೊಳಕ್ಕೆ ಇಳಿದಂತೆ ಅವಳ ಮುಖ ಸುಟ್ಟಿತು. ಆದರೆ ಅವನು ಮೊದಲು ನೋಡಿದ್ದು ಅವಳನ್ನಲ್ಲ, ಸೈಕಲ್ಲನ್ನು.

“ಓಹೋ, ದಾಸಣ್ಣನ ಮಗಳು! ಅಪ್ಪನ ಸೈಕಲ್ಲ ಕಳ್ಳನ ಅಂಗಡಿಗೇ ತಂದ್ಬುಟ್ಟೆಯಲ್ಲಮ್ಮಾ... ಭಯ ಆಗ್ಲಿಲ್ವಾ?”

ಅವಳು ವಾಲಿದ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿದಳು.

ಎಪ್ಪತ್ತೇಳನೆಯ ಇಸವಿಯ ಮಾತು. ದಾಸಣ್ಣನ ಕರಿಯ ಸೈಕಲ್ಲು ಸಂತೆಯಲ್ಲಿ ಕಳುವಾದ ಹದಿನೈದನೆಯ ದಿನ, ವೈ.ಎನ್.ಹೊಸಕೋಟೆಯಲ್ಲಿ ರಿಪೇರಿ ಕಲಿಯುತ್ತಿದ್ದ ಕ್ಯಾತಪ್ಪ ಹಸಿರು ಸೈಕಲ್ಲೇರಿ ಇಬ್ಬರ ಊರೂ ಆದ ಹಟ್ಟಿಗೆ ಬಂದಿದ್ದ. ಅದರ ಹಿಂಬದಿಯಲ್ಲಿ ಕಬ್ಬಿಣದ ಕ್ಯಾರಿಯರ್ ಇರಲಿಲ್ಲ. ಜಾಲಿಮರದ ಹಲಗೆಯಿತ್ತು, ಅದನ್ನು ಬಿಗಿದ ಕುರಿಯುಣ್ಣೆಯ ಹುರಿಯಿತ್ತು. ಅಂಥದ್ದು ಸುತ್ತಮುತ್ತಲ ಹಟ್ಟಿಗಳಲ್ಲಿ ಅವಳ ಅಪ್ಪನದೊಂದೇ!

ಜುಂಜಮ್ಮ ಗುಡಿಯ ಹೊಸ್ತಿಲು ಮುಟ್ಟಿ, ತನಗೆ ಹೆಸರಿತ್ತ ಹಟ್ಟಿಯ ದೈವ ಜುಂಜಪ್ಪನ ಮೇಲೆಯೇ ಆಣೆಯಿಟ್ಟಿದ್ದಳು: “ಇದು ನಮ್ದೇ.”

“ಬಣ್ಣ ಕೆರೆದು ನೋಡ್ರಪ್ಪಾ!” ಎಂದು ಅವನು ಅಂದು ಗೋಗರೆದಿದ್ದ. ಶಾಲೆಗೆ ಸೇರಿದ ವರ್ಷ ಜುಂಜಮ್ಮ ತಾನು ಕಲಿತ ‘ಜು’ ಅಕ್ಷರವನ್ನು ಅಪ್ಪನ ಸೈಕಲ್ಲಿನ ಅಡ್ಡಕಂಬಿಯ ಮೇಲೆ ಮೊಳೆಯಿಂದ ಆಳವಾಗಿ ಗೀಚಿದ್ದು ಇಡೀ ಹಟ್ಟಿಗೆ ಗೊತ್ತಿತ್ತು.

ಆದರೆ ಹಟ್ಟಿಯ ಹಿರಿಯ ಗಂಗಣ್ಣ ಒಪ್ಪಲಿಲ್ಲ. “ಆಣೆ ಆದ್ಮೇಲೆ ಕೆರೆದು ನೋಡೋದು ಅಂದ್ರೆ ದೇವರನ್ನೇ ಪರೀಕ್ಷೆ ಮಾಡ್ದಂಗೆ ಕಣ್ಲಾ!”

ಸೈಕಲ್ಲು ದಾಸಣ್ಣನ ಮನೆ ಸೇರಿತು. ಕ್ಯಾತಪ್ಪ ಹಟ್ಟಿಗೆ ಹೊರಗಾದ. ಅಂದಿನಿಂದ ಮಗನ ಮುಖ ನೋಡಬೇಕೆಂದರೆ ಅವನ ತಾಯಿ ಪುಟ್ಟಕ್ಕ ಬುತ್ತಿ ಹೊತ್ತು ಮಧುಗಿರಿಯ ಈ ಅಂಗಡಿಗೆ ನಡೆದೇ ಹೋಗಬೇಕಾಯಿತು.

“ಮೊನ್ನೆ ತೊಳೀತಿದ್ದೆ,” ಜುಂಜಮ್ಮ ಅಡ್ಡಕಂಬಿಯತ್ತ ಕೈ ತೋರಿದಳು. “ಹಸಿರು ಹಪ್ಪಳದಂಗೆ ಎದ್ಬಂತು. ಅಡೀಲಿ... ಕೆಂಪು.”

“ಕಳ್ಳ ಎಲ್ಡು ಸಲ ಬಣ್ಣ ಹೊಡ್ದಿರ್ಬೌದು, ಅಲ್ವಾ?”

“ಅದ್ಕೇ ಬಂದಿವ್ನಿ. ನೀನು ಅವತ್ತು ಕೇಳಿದ್ದನ್ನ ಇವತ್ತು ಮಾಡು. ನನ್ ಕಣ್ಮುಂದೆ.”

ಅವನು ಗಾಲಿಗಳನ್ನು ಬಿಚ್ಚಿದ. ಸುಣ್ಣಕ್ಕೆ ಬಟ್ಟೆ ಒಗೆಯುವ ಸೋಡಾ ಕಲಸಿ ಕಂಬಿಗೆ ಮೆತ್ತಿ, ಒದ್ದೆ ಗೋಣಿ ಸುತ್ತಿ ಬಿಟ್ಟ. ಬಣ್ಣ ನೆನೆಯಬೇಕು, ಕಾಯಬೇಕು.

ಆ ಕಾಯುವಿಕೆಯಲ್ಲಿ ಜುಂಜಮ್ಮ ತನ್ನ ಅಂತರಂಗವನ್ನು ಕಂಡು ತಾನೇ ಬೆಚ್ಚಿದಳು. ಅಕ್ಷರ ಸಿಕ್ಕಿದರೆ ಅವಳ ಆಣೆ ಸತ್ಯ. ಸಿಗದಿದ್ದರೆ ದೈವದ ಹೊಸ್ತಿಲಲ್ಲಿ ಸುಳ್ಳಾಡಿದ ಪಾಪಿ. ಆದರೂ ಮನಸ್ಸು ಬೇಡುತ್ತಿದ್ದುದು ಒಂದನ್ನೇ... ಸಿಗದಿರಲಿ! ಪಾಪ ನನಗಿರಲಿ ಸ್ವಾಮೀ, ಈತ ಕಳ್ಳನಾಗದಿರಲಿ!

ಗೋಣಿ ಬಿಚ್ಚಿ ಅವನು ಕೆರೆಯತೊಡಗಿದ. ಹಸಿರು ಸುರುಳಿ ಸುರುಳಿಯಾಗಿ ಉದುರಿತು. ಆಮೇಲೆ ಕೆಂಪು. ಕೆಂಪಿನಡಿಯಲ್ಲಿ ಕಪ್ಪಿರಲಿಲ್ಲ.

“ಕೊಡು ಇಲ್ಲಿ.” ಅವಳೇ ಎಮರಿ ಕಾಗದ ಕಿತ್ತುಕೊಂಡು ಅಡ್ಡಕಂಬಿಯನ್ನು ತುದಿಯಿಂದ ತುದಿಗೆ ಉಜ್ಜಿದಳು. ಮತ್ತೆ ಉಜ್ಜಿದಳು. ಬೆರಳ ತುದಿಯಿಂದ ತಡವಿದಳು.

ನುಣುಪು. ಒಂದು ಗೀರೂ ಇಲ್ಲದ ಬರಿಗಬ್ಬಿಣ!

ಬೇಡಿದ್ದೇ ದಕ್ಕಿತ್ತು. ಆದರೂ ಅವಳು ಅಲ್ಲಿಯೇ ಕುಸಿದು ಕುಳಿತಳು.

“ನಿಮ್ಮವ್ವ ನಂಗೆ ಅತ್ತೆ ಆಗ್ಬೇಕು... ನೀರಿನ ತಾವ ಸಿಕ್ಕಿದ್ರೆ ಈಗ್ಲೂ ‘ಉಂಡೇನವ್ವಾ’ ಅಂತಾರೆ. ಆ ಮಾತು ಕೇಳಿ ನಾನು ಹೆಂಗೆ ಬದುಕಿದ್ದೀನೋ! ಬೈಯಿ ಕ್ಯಾತಪ್ಪ, ಹೊಡಿ... ಸುಮ್ನಿರ್ಬೇಡ!”

ಅವನು ಜಾಲಿಹಲಗೆಯ ಹುರಿಯನ್ನು ಸವರುತ್ತ ನುಡಿದ:

“ತಪ್ಪು ನಂದೂ ಐತೆ.”

“ನಿಂದಾ?”

“ಗುಜರಿ ಕಬ್ಬಿಣ ತಂದು ಈ ಸೈಕಲ್ಲ ಕಟ್ದೆ. ಕ್ಯಾರಿಯರ್ ಹಾಕೋವಾಗ ನಿಮ್ಮಪ್ಪನ ಸೈಕಲ್ಲೇ ಕಣ್ಮುಂದೆ ಬತ್ತಿತ್ತು. ಅದ್ರ ಹಲಗೆ ಮೇಲೆ ಕುಂತು ನೀನು ಸಂತೆಗೆ ಬರ್ತಿದ್ದೆ... ಅದ್ಕೇ ಅಂಥದ್ದೇ ಮಾಡ್ದೆ. ಎಂದಾದ್ರೂ ನೀನು ಇದ್ರ ಮೇಲೂ ಕುಂತ್ಕೊಬೌದು ಅಂತ.”

ಯಾವ ಗುರುತು ಹಿಡಿದು ತಾನು ಅವನನ್ನು ಕಳ್ಳನೆಂದಳೋ, ಅದು ಅವನು ಅವಳಿಗಾಗಿ ಸಿದ್ಧಪಡಿಸಿದ ಆಸನವಾಗಿತ್ತು!

“ಅವತ್ತೇ ಯಾಕೆ ಹೇಳ್ಲಿಲ್ಲ?”

“ಹಟ್ಟಿ ಜನದ ಮುಂದೆ ನಿನ್ ಹೆಸ್ರು ಎಳೆದ್ರೆ, ಆಮೇಲೆ ನಿನ್ ಗತಿ? ಕಳ್ಳ ಅನ್ನಿಸ್ಕೊಂಡ್ರೆ ನಾನೊಬ್ನೇ ಅನ್ನಿಸ್ಕೊಂಡೆ. ಹೋಗ್ಲಿ ಬುಡು.”

ಜುಂಜಮ್ಮ ಕಣ್ಣೊರೆಸಿಕೊಂಡು ಎದ್ದಳು.

“ಗಾಲಿ ಹಾಕು.”

“ಬಣ್ಣ ಹೊಡೆಯೋದು ಬ್ಯಾಡ್ವಾ? ಬರಿಗಬ್ಬಿಣ ತುಕ್ಕು ಹಿಡೀತದೆ.”

“ಆಮೇಲೆ ಹೊಡಿ. ಮೊದ್ಲು ಗುಡಿ ಹತ್ರ ಇದನ್ನ ಇಂಗೇ ನಿಲ್ಲಿಸ್ಬೇಕು. ನನ್ ಆಣೆ ಸುಳ್ಳು ಅಂತ ಅದೇ ಹೊಸ್ತಿಲು ಮುಟ್ಟಿ ಹೇಳ್ತೀನಿ.”

“ಲೇ... ಜನ ಉಗೀತಾರೆ ಕಣಮ್ಮಿ! ನಿಮ್ಮಪ್ಪ?”

“ನೀನು ನಾಲ್ಕು ವರ್ಷ ಉಗಿಸ್ಕೊಂಡೆ. ನಂಗೆ ಒಂದಿನ ಆಗಲ್ವಾ?” ಅವಳ ದನಿ ಇಳಿಯಿತು. “ಆದ್ರೆ ಒಬ್ಳೇ ಹೋಗೋಕೆ ಭಯ. ನೀನೂ ಬರ್ತೀಯಾ?”

ಅವನ ಕಣ್ಣಂಚು ಒದ್ದೆಯಾಯಿತು. ಗಾಲಿಗಳನ್ನು ಜೋಡಿಸಿ, ಬರಿಮೈಯ ಸೈಕಲ್ಲನ್ನು ಬೀದಿಗಿಳಿಸಿ ಹತ್ತಿದ. ಜಾಲಿಹಲಗೆಯ ಮೇಲೆ ಅವಳು ಕುಳಿತಳು.

“ಕ್ಯಾರಿಯರ್ ಗಟ್ಟಿಯಾಗಿ ಹಿಡ್ಕೋ. ದಾರಿ ಸರಿಯಿಲ್ಲ.”

“ಇಲ್ಲ. ಕ್ಯಾರಿಯರ್ ನಂಬಿ ಒಂದ್ಸಲ ಕೆಟ್ಟಿದ್ದೀನಿ,” ಎನ್ನುತ್ತ ಜುಂಜಮ್ಮ ಅವನ ಹೆಗಲಿನ ಅಂಗಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. “ಈಗ ನಡಿ ಮಾವ.”