ಅವಳ ಕೈಗೆ ಇಪ್ಪತ್ತೈದು, ಡಾಕ್ಟರ ಕೈಗೆ ಹದಿನಾರು

"ಗದ್ದ ಇಲ್ಲಿಡಿ. ಹಣೆ ಮುಂದಕ್ಕೆ. ರೆಪ್ಪೆ ಮುಚ್ಚಬೇಡಿ, ಡ್ರೈವರ್ ಸಾಹೇಬ್ರೇ."

ಕಣ್ಣಿಗೆ ಹಳದಿ ಹನಿ ಬಿದ್ದಿತ್ತು. ಯಂತ್ರದೊಳಗಿಂದ ನೀಲಿ ಬೆಳಕು ಹತ್ತಿರ ಬಂತು. ಬೆಳಕಿನ ಹಿಂದೆ, ಈ ಆಸ್ಪತ್ರೆಯಲ್ಲಿ ಕಣ್ಣಿನ ಒತ್ತಡ ಅಳೆಯುವ ಅವಳ ಕಣ್ಣು. ಪ್ರೇಮಿಗಳು ಕಣ್ಣಲ್ಲಿ ಕಣ್ಣಿಡುತ್ತಾರಂತೆ. ನಾವೂ ಇಟ್ಟಿದ್ದೆವು, ನಡುವೆ ಗೇಣುದ್ದದ ಯಂತ್ರವನ್ನೂ ಇಟ್ಟುಕೊಂಡು.

"ಇಪ್ಪತ್ತೈದು," ಎಂದಳು. ದನಿ ಸಣ್ಣಗಾಯಿತು. "ಲೇಸರ್ ಆಗಿ ಆರು ವಾರ ಆಯ್ತಲ್ವಾ? ಇಷ್ಟೊತ್ತಿಗೆ ಪ್ರೆಶರ್ ಇಪ್ಪತ್ತರ ಕೆಳಗೆ ಇಳೀಬೇಕಿತ್ತಲ್ಲ..."

ನಾನು ಬಿ.ಎ. ಪಾಸಾಗಿ ಸಿಟಿ ಬಸ್ಸಿನ ಸ್ಟೀರಿಂಗ್ ಹಿಡಿದವನು. ಗ್ಲಾಕೋಮಾದಲ್ಲಿ ಕಣ್ಣೊಳಗಿನ ಒತ್ತಡ ಏರಿ, ನೋಟ ಅಂಚಿನಿಂದ ಸವೆಯುತ್ತ ಬರುತ್ತದೆ. ಪಕ್ಕದ ಕನ್ನಡಿ ಕಾಣದ ಡ್ರೈವರನ್ನು ಯಾವ ಡಿಪೋ ಇಟ್ಟುಕೊಂಡೀತು? ಮ್ಯಾನೇಜರ್ ಕೊಟ್ಟ ಫಿಟ್‌ನೆಸ್ ಫಾರಂ ಜೇಬಿನಲ್ಲಿತ್ತು. ಇವತ್ತು ಡಾಕ್ಟರ ಸಹಿ ಬೀಳದಿದ್ದರೆ ನಾಳೆಯಿಂದ ಗ್ಯಾರೇಜಿನಲ್ಲಿ ಟೈರು ಉರುಳಿಸುವುದೇ.

ಹೊರಗೆ ಬೆಂಚಿನ ಮೇಲೆ ಸೋದರತ್ತೆ ಕಾದಿದ್ದರು. ಅವರಿಗೂ ಇಲ್ಲೇ ಲೇಸರ್ ಆಗಿತ್ತು.

"ನಂಗೆ ಬೇಗ ಇಳೀತಲ್ಲೋ! ನಿಂಗೇನು ಬಂತು ದಾಡಿ?"

"ನಿಮ್ದೇ ಬೇರೆ, ನಂದೇ ಬೇರೆ ಅತ್ತೆ." ಮೂಗು ಹಿಡಿದು ಡಾಕ್ಟರ ದನಿ ತೆಗೆದೆ: "ಅಂದ್ರೆ ಏನಂದ್ರೆ, ಅಮ್ಮಾ, ನಿಮ್ಮ ಕಣ್ಣೊಳಗಿನ ನೀರು ಹೊರಗೆ ಹರಿಯೋ ಮೂಲೆನೇ ಇಕ್ಕಟ್ಟು. ಅದಕ್ಕೇ ಬಣ್ಣದ ಪರದೇಲಿ ಸಣ್ಣ ಕಿಂಡಿ ಕೊರೆದ್ವಿ. ಇವನದ್ದು ಮೂಲೆ ತೆರೆದೇ ಇದೆ, ಆದ್ರೆ ಅಲ್ಲಿರೋ ಜರಡಿ ಮಂದ. ಲೇಸರ್ ತಾಗಿಸಿ ಅದನ್ನ ಚುರುಕು ಮಾಡಿದ್ವಿ. ನಿಧಾನಕ್ಕೆ ಇಳಿಯುತ್ತೆ."

"ಡಾಕ್ಟ್ರು ಹಿಂದೇನೇ ಇದ್ದಾರೆ," ಎಂದಿತು ಒಂದು ದನಿ.

ದಡಬಡಿಸಿ ಎದ್ದೆ. ಡಾಕ್ಟರಿಲ್ಲ, ಫೈಲು ಹಿಡಿದು ಅವಳು. ನಗು ತಡೆಯಲು ಕೆಳತುಟಿ ಕಚ್ಚಿದ್ದಳು. ಅದು ಕೆನ್ನೆಯ ಕಡೆಯಿಂದ ತಪ್ಪಿಸಿಕೊಂಡಿತ್ತು.

"ಬಸ್ಸಿನ ದನೀನೂ ಮಾಡ್ತೀರಂತಲ್ಲ?"

ತುಟಿ ಸಣ್ಣಗೆ ತೆರೆದು ಏರ್ ಬ್ರೇಕ್ ಬಿಟ್ಟೆ: "ಫುಸ್ಸ್ಸ್ಸ್..." ಅವಳು ನಕ್ಕಳು. ಅವಳು ನಕ್ಕಿದ್ದು ಬ್ರೇಕಿಗೋ ನನಗೋ? ಅರ್ಥವಾಗಲಿಲ್ಲ.

ಅತ್ತೆಯ ಜೊತೆ ಒಳಗೆ ಹೋದಾಗ ಡಾಕ್ಟರು ಇಪ್ಪತ್ತೈದು ನೋಡಿ ಹುಬ್ಬು ಗಂಟಿಕ್ಕಿದರು. ಇನ್ನೊಂದು ಸಲ ಲೇಸರ್, ಆಗದಿದ್ದರೆ ಆಪರೇಷನ್ ಎನ್ನುತ್ತ ತಾವೇ ನನ್ನನ್ನು ಯಂತ್ರಕ್ಕೆ ಕೂರಿಸಿದರು.

"ಹದಿನಾರು!"

ಎಲ್ಲರೂ ಎಲ್ಲರ ಮುಖ ನೋಡಿದೆವು. ಅವಳು ಮತ್ತೆ ಅಳೆದಳು: ಇಪ್ಪತ್ತೈದು. ಅತ್ತೆಯನ್ನು ಕೂರಿಸಿ ಅಳೆದಳು: ಹದಿನಾಲ್ಕು. ಡಾಕ್ಟರು ಅಳೆದರು: ಅದೇ ಹದಿನಾಲ್ಕು.

"ಅಂದ್ರೆ ಏನಂದ್ರೆ," ಈ ಸಲ ನಿಜವಾದ ಡಾಕ್ಟರೇ ಅಂದರು, "ಒಂದೇ ಕಣ್ಣು, ಒಂದೇ ಯಂತ್ರ. ಯಾವುದನ್ನ ನಂಬಿ ಸಹಿ ಹಾಕ್ಲಿ?"

"ಅಮ್ಮಂಗೆ ಸರಿ ಬಂತು. ಇವ್ರಿಗೆ ಮಾತ್ರ ನನ್ನ ಕೈ ತಪ್ತಿದೆಯಾ ಸರ್?" ಅವಳ ಮುಖ ಬಾಡಿತು.

ಅವಳದ್ದು ತಪ್ಪಾದರೆ ನನ್ನ ಬಸ್ಸು ಉಳಿಯುತ್ತದೆ. ಸರಿಯಾದರೆ ಅವಳ ಮಾನ ಉಳಿಯುತ್ತದೆ. ಯಾವುದನ್ನು ಬಯಸಲಿ? ಯೋಚಿಸುವ ಮೊದಲೇ ಬಾಯಿ ಹೊರಟಿತ್ತು.

"ಮೇಡಂ ಕೈ ಸರಿಯಾಗೇ ಇದೆ ಸಾರ್. ನನ್ನ ಕಣ್ಣೇ ಸರಿಯಿಲ್ಲ. ಇಪ್ಪತ್ತೈದು ಅಂತ್ಲೇ ಬರ್ಕೊಳ್ಳಿ."

ಅತ್ತೆ ತೊಡೆ ಚಿವುಟಿದರು. ಅವಳು ಮಾತ್ರ ನನ್ನನ್ನೇ ದಿಟ್ಟಿಸಿದಳು. ಮುಖವನ್ನಲ್ಲ, ಎದೆಯ ಮೇಲಿನ ಯೂನಿಫಾರ್ಮ್ ಗುಂಡಿಗಳನ್ನು. ಅವು ಅಲ್ಲಾಡುತ್ತಿರಲಿಲ್ಲ.

"ಇನ್ನೊಂದ್ಸಲ ಕೂತ್ಕೊಳ್ಳಿ," ಎಂದಳು. ನೀಲಿ ಬೆಳಕು, ಅವಳ ಕಣ್ಣು. "ಈಗ ಬಸ್ ನಿಲ್ಲಿಸಿ."

"ಆಂ?"

"ಬ್ರೇಕ್ ಬಿಡ್ರೀ! ಮೆಲ್ಲಗೆ. ಗದ್ದ ಅಲ್ಲಾಡಬಾರ್ದು."

"ಫುಸ್ಸ್ಸ್ಸ್ಸ್..."

"ಹದಿನಾರು!" ಅವಳು ಕುರ್ಚಿಯಿಂದಲೇ ಹಾರಿದಳು. "ಸರ್, ಇವ್ರು ಉಸಿರು ಬಿಗಿಹಿಡೀತಾರೆ. ಅದಕ್ಕೇ ಒತ್ತಡ ಏರ್ತಿತ್ತು!"

ಡಾಕ್ಟರು ಕನ್ನಡಕ ತೆಗೆದರು. "ನನ್ನ ಮುಂದೆ ಆರಾಮಾಗಿ ಉಸಿರಾಡ್ತಾನಲ್ಲಮ್ಮಾ. ನಿನ್ನ ಮುಂದೆ ಮಾತ್ರ ಯಾಕೆ ಹಿಡೀತಾನೆ?"

"ಅಯ್ಯೋ ಡಾಕ್ಟ್ರೇ, ಅದನ್ನ ನೋಡೋಕೆ ಯಂತ್ರ ಬೇಕಾ?" ಅತ್ತೆ ಅಂದರು. "ಈ ಕಿಂಡಿ ಕೊರೆದ ಕಣ್ಣಿಗೇ ಕಾಣ್ತಿದೆ."

ಅವಳು ಫೈಲಿನೊಳಗೆ ಮುಖ ಹುದುಗಿಸಿದಳು. ಕಿವಿ ಮಾತ್ರ ಹೊರಗಿತ್ತು, ಕೆಂಪಗೆ. ಡಾಕ್ಟರು ನಗುತ್ತ ಫಾರಂಗೆ ಸಹಿ ಹಾಕಿದರು.

ಬಾಗಿಲ ಹತ್ತಿರ ಅವಳು ಅಂದಳು, "ಮುಂದಿನ ಸಲ ನಿಮ್ಮ ಪ್ರೆಶರ್ ನಾನು ನೋಡಲ್ಲ. ಬೇರೆಯವರು ನೋಡ್ತಾರೆ."

ಬಾಗಿಲಲ್ಲೇ ನಿಂತೆ. "ಯಾಕ್ರೀ, ಬೇಜಾರಾಯ್ತಾ?"

ಅವಳು ಮುಂದಿನ ರೋಗಿಯನ್ನು ಕರೆದಳು. ತಪ್ಪು ಮಾಡಿದೆನೋ, ಒಪ್ಪಿಗೆ ಸಿಕ್ಕಿತೋ ತಿಳಿಯದೆ ಡಿಪೋಗೆ ನಡೆದೆ.

ಸಂಜೆ ಆಸ್ಪತ್ರೆಯ ಸ್ಟಾಪು ದಾಟುವವನಿದ್ದೆ. ಪಕ್ಕದ ಕನ್ನಡಿಯ ಅಂಚಿನಲ್ಲಿ, ಯಾವ ಅಂಚು ಉಳಿಯಲೆಂದು ಇಷ್ಟೆಲ್ಲ ಪಾಡುಪಟ್ಟೆನೋ ಅಲ್ಲೇ, ಒಂದು ಬಿಳಿ ಕೋಟು ಓಡಿಬರುತ್ತಿತ್ತು. ಬ್ರೇಕ್ ತುಳಿದೆ. ಬಾಗಿಲು ತೆರೆಯಿತು. ಬಸ್ಸು ಫುಸ್ಸೆಂದು ಉಸಿರು ಬಿಟ್ಟಿತು. ನಾನು ಬಿಡಲಿಲ್ಲ.

ಅವಳು ಹತ್ತಿ, ನನ್ನ ಹಿಂದಿನ ಸೀಟಿನಲ್ಲಿ ಕೂತು, ಕಿವಿಯ ಹತ್ತಿರ ಬಗ್ಗಿದಳು.

"ಇಷ್ಟ ಪಟ್ಟವರ ಕಣ್ಣು ಅಳೆಯೋಕೆ ನಂಗೂ ಕೈ ನಡುಗುತ್ತೆ. ಅದಕ್ಕೇ ನೋಡಲ್ಲ ಅಂದಿದ್ದು. ಈಗ ಉಸಿರಾಡಿ, ಡ್ರೈವರ್ ಸಾಹೇಬ್ರೇ. ಹಿಂದಿರೋರು ಮನೆಗೆ ಹೋಗ್ಬೇಕು."