ಮೂರನೆಯ ಸ್ಪೀಕರ್

ಸುಟ್ಟ ಆಂಪ್ಲಿಫೈಯರ್‌ನ ವಾಸನೆ ಇನ್ನೂ ಮೂಗಿಗೆ ಅಡರುತ್ತಿತ್ತು. ತಾಲೀಮು ಹಾಲ್‌ನ ಯಜಮಾನ ಬಾಗಿಲಿಗೆ ಒಳಗಿನಿಂದ ಬೀಗ ಜಡಿದು, ಕೀಲಿ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

"ಯಾರು ಹಾಳು ಮಾಡಿದ್ದು ಅಂತ ಗೊತ್ತಾಗೋ ತನಕ ಒಬ್ಬರೂ ಹೊರಗೆ ಹೋಗೋ ಹಾಗಿಲ್ಲ!"

ಶಬ್ದ ಆಚೆ ಹೋಗದಂತೆ ಗೋಡೆಗೆಲ್ಲ ದಪ್ಪ ಹಲಗೆ ಹೊಡೆದು, ಕಿಟಕಿಗಳನ್ನೂ ಮುಚ್ಚಿದ್ದ ಹಾಲ್ ಅದು. ನನಗಂತೂ ಉಸಿರು ಕಟ್ಟತೊಡಗಿತು. ನನ್ನ ಜತೆ ಸಿಕ್ಕಿಬಿದ್ದವರು ಮೆಕ್ಯಾನಿಕ್, ನರ್ಸ್ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ಯಜಮಾನನ ಹೆಂಡತಿ, ಮತ್ತು ನನ್ನ ದೊಡ್ಡಮ್ಮ. ಟೆಲಿಫೋನ್ ಕಚೇರಿಯ ತಂತಿಗಳ ನಡುವೆ ತಲೆ ನರೆಸಿಕೊಂಡ ದೊಡ್ಡಮ್ಮ ಈ ಕಟ್ಟಡದ ಖಾಯಂ ಪತ್ತೇದಾರಿ. ನನ್ನ ತಾಲೀಮಿನ ಬಾಡಿಗೆಯನ್ನೂ ಅವರೇ ಕೊಡುತ್ತಿದ್ದರು, ಅದು ಬೇರೆ ಮಾತು.

"ಇವನೇ ತಪ್ಪು ಜೋಡಿಸಿದ್ದು. ಪೊಲೀಸರನ್ನೇ ಕರೀತೀನಿ," ಎಂದು ಯಜಮಾನ ಮೆಕ್ಯಾನಿಕ್ ಕಡೆ ಬೆರಳು ಮಾಡಿದ.

ಮೆಕ್ಯಾನಿಕ್ ದೊಡ್ಡಮ್ಮನ ಕಡೆ ತಿರುಗಿದ. "ಎಂಟು ಓಮ್‌ನ ಎರಡೇ ಸ್ಪೀಕರ್ ಅಮ್ಮಾ. ಅಕ್ಕಪಕ್ಕ ಜೋಡಿಸಿದ್ರೆ ನಾಲ್ಕು ಓಮ್. ಆಂಪ್ಲಿಫೈಯರ್ ಅದನ್ನ ಆರಾಮಾಗಿ ತಡ್ಕೊಳ್ಳತ್ತೆ. ತಡೆ ಅದಕ್ಕಿಂತ ಕಡಿಮೆಯಾದ್ರೆ ಮಾತ್ರ ಕರೆಂಟ್ ಜಾಸ್ತಿ ಹರಿದು ಕಾದು ಸುಡೋದು."

ದೊಡ್ಡಮ್ಮ ಆಂಪ್ಲಿಫೈಯರ್‌ನಿಂದ ಸ್ಪೀಕರ್ ತಂತಿಗಳನ್ನು ಬಿಡಿಸಿ, ಮೆಕ್ಯಾನಿಕ್‌ನ ಓಮ್ ಮೀಟರ್ ಹಿಡಿದರು. ಮುಳ್ಳು ಎರಡರ ಆಸುಪಾಸಿನಲ್ಲೇ ನಿಂತಿತು. ಸ್ಪೀಕರ್ ಹಿಂದುಗಡೆಯಿಂದ ಒಂದು ಸಪೂರ ತಂತಿ ಗೋಡೆಗುಂಟ ಮಹಡಿಗೆ ಹತ್ತಿತ್ತು. ಅದರ ಜೋಡಣೆಗೆ ಸುತ್ತಿದ್ದದ್ದು ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿ.

"ಮೇಲೆ ಯಾರಪ್ಪಾ ಇರೋದು?" ಎಂದು ಯಜಮಾನನನ್ನು ಕೇಳಿದರು.

"ನನ್ನ ತಂಗಿ. ಹುಷಾರಿಲ್ಲ, ಮಲಗಿದಾಳೆ."

ದೊಡ್ಡಮ್ಮ ಎಲ್ಲರನ್ನೂ ಕೂರಿಸಿದರು. "ಮೆಕ್ಯಾನಿಕ್ ಲೆಕ್ಕ ಸರಿ. ನಾಲ್ಕಿರಬೇಕಾದ್ದು ಎರಡಾಗಿದೆ ಅಂದ್ರೆ ಎಲ್ಲೋ ಮೂರನೇ ಸ್ಪೀಕರ್ ಇದೆ, ಅದೂ ನಾಲ್ಕು ಓಮ್‌ನದ್ದು. ತಂತಿ ಹೋಗಿರೋದು ಮಹಡಿಗೆ. ಇವನಾಗಿದ್ರೆ ಕಪ್ಪು ಟೇಪ್ ಸುತ್ತಿರ್ತಿದ್ದ. ಗಾಯದ ಪಟ್ಟಿ ಸಲೀಸಾಗಿ ಕೈಗೆ ಸಿಗೋದು ನರ್ಸಮ್ಮನಿಗೆ."

ಯಜಮಾನನ ಹೆಂಡತಿ ತಲೆ ತಗ್ಗಿಸಲಿಲ್ಲ. "ಬೆಳಿಗ್ಗೆ ನಾನೇ ಹಾಕಿದ್ದು. ಮನೇಲಿ ಇನ್ನೊಂದು ಬಲ್ಬ್ ಹಾಕಿದ್ರೆ ಏನೂ ಆಗಲ್ವಲ್ಲ, ಇದೂ ಹಾಗೇ ಅಂದ್ಕೊಂಡೆ. ನಾದಿನಿ ಬೇರೆ ತಂಡದಲ್ಲಿ ಹಾಡ್ತೀನಿ ಅಂದಿದ್ದಕ್ಕೆ ಇವರು ಅವಳನ್ನ ಮೇಲೆ ಕೂಡಿಹಾಕಿದಾರೆ. ಹಾಡಾದ್ರೂ ಕಿವಿಗೆ ಬೀಳ್ಲಿ ಅಂತ ಹಳೇ ಸ್ಪೀಕರ್ ಒಂದನ್ನ ಕೊಟ್ಟೆ."

ಒಂದು ಸಂಜೆಗೇ ನಾನು ಹೈರಾಣಾಗಿದ್ದೆ. ಆ ಹುಡುಗಿ ಎಷ್ಟು ದಿನದಿಂದ ಬೀಗದೊಳಗಿದ್ದಳೋ!

"ಪೊಲೀಸರನ್ನ ಕರೀತೀನಿ ಅಂದ್ಯಲ್ಲ, ಕರಿ," ಎಂದು ದೊಡ್ಡಮ್ಮ ಕೈ ಚಾಚಿದರು. "ಇಲ್ಲಾಂದ್ರೆ ಕೀಲಿ ಕೊಡು."

ಅವನು ಕೊಟ್ಟ.

ದೊಡ್ಡಮ್ಮ ಹಾಲ್‌ನ ಬಾಗಿಲನ್ನೂ ಮಹಡಿಯ ಕೋಣೆಯನ್ನೂ ತೆರೆದರು. ತಂಗಿ ಮೆಟ್ಟಿಲಿಳಿದು ಬಂದಳು. "ನಿಂತ್ಕೊಳೇ," ಅಂದ ಅಣ್ಣ. ಅವಳು ನಿಲ್ಲಲಿಲ್ಲ, ಬರಿಗಾಲಲ್ಲೇ ಬೀದಿಗಿಳಿದಳು. ಅವಳ ಚಪ್ಪಲಿ ಹಿಡಿದುಕೊಂಡು ಅತ್ತಿಗೆ ಹಿಂದೆಯೇ ಓಡಿದಳು. ಆಕೆಯೂ ತಿರುಗಿ ನೋಡಲಿಲ್ಲ.