ಏಳು ಅಡಿ ಆಚೆಗೆ

ಇಪ್ಪತ್ತಾರು ವರ್ಷ ಒಂದು ಬಡಾವಣೆಗಾಗಿ ಚಪ್ಪಲಿ ಸವೆಸಿದವನಿಗೆ ಏಳು ಅಡಿ ಜಾಗ ಹೆಚ್ಚೇನಲ್ಲ ಎಂದು ನಂದಕುಮಾರ್ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದ. ವಸಂತಪುರದ ಹಿಂಬದಿಯ ಬಿಲ್ವಶ್ರೀ ಬಡಾವಣೆಗೆ ಅವನು ಬಂದಾಗ ಇದ್ದದ್ದು ಮೂವತ್ತೆಂಟು ಮನೆ. ಮಳೆ ಬಂದರೆ ಸ್ಕೂಟರನ್ನು ಮುಖ್ಯರಸ್ತೆಯಲ್ಲೇ ಬಿಟ್ಟು ಪ್ಯಾಂಟು ಮಡಚಿಕೊಂಡು ನಡೆದು ಬರಬೇಕಿತ್ತು. ನಿವೇಶನದಾರರೇ ಸೇರಿ ಸಂಘ ಕಟ್ಟಿದರು, ಅವನನ್ನು ಕಾರ್ಯದರ್ಶಿ ಮಾಡಿದರು. ಬೋರ್‌ವೆಲ್ಲು, ಒಳಚರಂಡಿ, ಬೀದಿದೀಪ, ಎಲ್ಲದಕ್ಕೂ ಕಚೇರಿಗಳ ಬೆಂಚಿನ ಮೇಲೆ ಕೂತವನು ಅವನೇ. ಅವನ ಮನೆಯ ಪೂರ್ವಕ್ಕೆ ಪಾರ್ಕಿಗೆಂದು ಬಿಟ್ಟಿದ್ದ ಜಾಗ ಆಗ ಬರೀ ಮುಳ್ಳುಕಂಟಿ. ಅಮ್ಮ ಹಾಸಿಗೆ ಹಿಡಿದ ವರ್ಷ ಆ ಕಡೆಯ ಕಾಂಪೌಂಡನ್ನು ಏಳು ಅಡಿ ಮುಂದಕ್ಕೆ ಹಾಕಿ ಅವಳಿಗೊಂದು ಕೋಣೆ ಕಟ್ಟಿಸಿದ. ಯಾರೂ ಕೇಳಲಿಲ್ಲ. ಅಮ್ಮ ಹೋದ ಮೇಲೂ ಕೋಣೆ ಉಳಿಯಿತು, ಅದರ ಮೇಲೆ ಇನ್ನೊಂದು ಎದ್ದಿತು.

ಈಗ ಬಡಾವಣೆಯಲ್ಲಿ ನಾನೂರು ಚಿಲ್ಲರೆ ಮನೆ. ಒಂದಂತಸ್ತಿನವು ನಾಲ್ಕಂತಸ್ತಾಗಿದ್ದವು, ನೀರು ಸಾಲದೆ ಬೆಳಿಗ್ಗೆ ಆರಕ್ಕೇ ಟ್ಯಾಂಕರುಗಳು ನುಗ್ಗುತ್ತಿದ್ದವು, ಸಂಘದ ಸಭೆಗೆ ಅವನಿಗೆ ಹೆಸರೇ ಗೊತ್ತಿಲ್ಲದ ಮುಖಗಳು ಬರುತ್ತಿದ್ದವು. ಆ ಹೊಸಬರೇ ಸೇರಿ ಶೃತಿಯನ್ನು ಅಧ್ಯಕ್ಷೆ ಮಾಡಿದ್ದರು. ಮೂವತ್ತಾರರ ಹೆಂಗಸು, ಮೆಲ್ಲಗೆ ಮಾತಾಡುತ್ತಿದ್ದಳು, ಆದರೆ ಹೇಳಿದ್ದನ್ನು ಬಿಡುತ್ತಿರಲಿಲ್ಲ. ಪಾರ್ಕನ್ನು ಪಾಲಿಕೆಗೆ ಒಪ್ಪಿಸಿದರೆ ಅವರೇ ಬೇಲಿ ಹಾಕಿ ನೋಡಿಕೊಳ್ಳುತ್ತಾರೆ, ಅದಕ್ಕೆ ಮೊದಲು ಸರ್ವೆ ಆಗಬೇಕು ಎಂದು ಮೇ ತಿಂಗಳ ಸಭೆಯಲ್ಲಿ ಅವಳು ಹೇಳಿದಳು. ಎಲ್ಲರೂ ಕೈಯೆತ್ತಿದರು. ನಂದಕುಮಾರನೂ ಎತ್ತಿದ.

ಗೋಡೆ ಹೋದರೆ ಹೋಗಲಿ ಎನ್ನುವ ಹಾಗಿರಲಿಲ್ಲ. ಒತ್ತುವರಿ ಮಾಡಿದವರಿಗೆ ಸಂಘದ ಪರವಾಗಿ ನೋಟಿಸು ಕೊಡುತ್ತಿದ್ದವನೇ ಅವನು. ಮೂರನೇ ಕ್ರಾಸಿನ ಸೀತಮ್ಮ ತನ್ನ ಗಂಡನ ಗಾಲಿಕುರ್ಚಿ ಇಳಿಸಲೆಂದು ಫುಟ್‌ಪಾತಿನ ಮೇಲೆ ಇಳಿಜಾರು ಕಟ್ಟಿಸಿದಾಗ, ಅದನ್ನು ಒಡೆಸಿದವನೂ ಅವನೇ. ಆವತ್ತು ಅವಳು ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದ್ದಳು. ಕಾನೂನು ಎಲ್ಲರಿಗೂ ಒಂದೇ ಅಮ್ಮಾ ಎಂದು ಅವನು ಹೇಳಿ ಬಂದಿದ್ದ. ಈಗ ಆ ಮಾತು ಹಲ್ಲುಜ್ಜುವಾಗ, ಊಟಕ್ಕೆ ಕೂತಾಗ ಕಿವಿಯಲ್ಲಿ ಕೇಳುತ್ತಿತ್ತು. ಗೇಟಿನ ಸದ್ದಾದರೆ ಎದ್ದು ಕಿಟಕಿಗೆ ಹೋಗುತ್ತಿದ್ದ. ಹೆಂಡತಿ ಬಿಪಿ ಮಾತ್ರೆ ತಗೊಂಡ್ರಾ ಎಂದು ದಿನಕ್ಕೆ ಎರಡು ಸಲ ಕೇಳತೊಡಗಿದಳು.

ಭಯವೇ ಅವನಿಗೆ ಉಪಾಯ ಹೇಳಿಕೊಟ್ಟಿತು. ಬಡಾವಣೆಯ ನಕ್ಷೆಯನ್ನು ಅವನು ಬಿಚ್ಚಿ ನೋಡಿದ. ಪಾರ್ಕಿನ ಅಗಲ ನೂರ ನಲವತ್ತು ಅಡಿ. ಅದನ್ನು ಅಳೆಯಬೇಕಾದದ್ದು ಪೂರ್ವದ ತುದಿಯ ಮೂಲೆಗಲ್ಲಿನಿಂದ. ಅದು ಬಡಾವಣೆಗಿಂತ ಹಳೆಯ ಕಲ್ಲು, ಹೊಲದ ಕಾಲದ್ದು. ಉಳಿದ ಕಲ್ಲುಗಳೆಲ್ಲ ರಸ್ತೆ, ಚರಂಡಿ ಮಾಡುವಾಗ ಕಿತ್ತುಹೋಗಿದ್ದವು. ಆ ಒಂದೇ ಒಂದು ಕಲ್ಲಿನಿಂದ ಅಳೆದರೆ ಟೇಪು ಅವನ ಗೋಡೆ ದಾಟಿ ಏಳು ಅಡಿ ಒಳಕ್ಕೆ, ಅಮ್ಮನ ಕೋಣೆಗೆ ಬರುತ್ತಿತ್ತು. ಕಲ್ಲು ಏಳು ಅಡಿ ಪೂರ್ವಕ್ಕೆ ಸರಿದರೆ ಟೇಪು ಗೋಡೆಗೇ ಬಂದು ನಿಲ್ಲುತ್ತದೆ. ಮನೆಗಳ ಅಳತೆಯನ್ನು ಯಾರೂ ಕೇಳಿರಲಿಲ್ಲ, ಅಳೆಯುವುದು ಪಾರ್ಕನ್ನು ಮಾತ್ರ.

ಕಲ್ಲಿನ ಆಚೆಗೆ ತಿಮ್ಮರಾಯಪ್ಪನ ಜಾಗ. ಬಡಾವಣೆ ಎದ್ದು ನಿಂತದ್ದೇ ಆ ಮುದುಕನ ಹೊಲದ ಮೇಲೆ. ಕೊಟ್ಟು ಉಳಿದ ಪಟ್ಟಿಯಲ್ಲಿ ಅವನು ಶೀಟಿನ ಐದು ಕೋಣೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದ. ಕೋಣೆಗಳ ಮುಂದೆ ಏಳೆಂಟು ಅಡಿಯ ಓಣಿ, ಅಲ್ಲಿದ್ದವರಿಗೆ ಅದೊಂದೇ ದಾರಿ. ಕಲ್ಲು ಸರಿದರೆ ಆ ಓಣಿ ಪಾರ್ಕಿನ ಪಾಲಾಗಿ ಬೇಲಿಯೊಳಕ್ಕೆ ಹೋಗುತ್ತದೆ, ಕೋಣೆಗಳಿಗೆ ದಾರಿಯೇ ಇರುವುದಿಲ್ಲ. ಇದನ್ನು ಯೋಚಿಸಿದ ರಾತ್ರಿ ನಂದಕುಮಾರ್ ಊಟ ಬಿಟ್ಟ. ಬೆಳಗಾಗುವ ಹೊತ್ತಿಗೆ ಅದಕ್ಕೂ ಒಂದು ಸಮಾಧಾನ ಹುಟ್ಟಿತ್ತು: ಸಂಘ ಮಾನವೀಯತೆಯಿಂದ ನೋಡುತ್ತದೆ, ಕಾರ್ಯದರ್ಶಿಯಾಗಿ ತಾನೇ ಮುಂದೆ ನಿಂತು ಅವರಿಗೆ ಆರು ತಿಂಗಳ ಗಡುವು ಕೊಡಿಸುತ್ತೇನೆ.

ರಾತ್ರಿ ಮಾಡಿದ ಕೆಲಸಕ್ಕೆ ನಾಯಿ ಬೊಗಳುತ್ತದೆ, ಜನ ಲೈಟು ಹಾಕುತ್ತಾರೆ. ಹಗಲಲ್ಲಿ ಕಾರ್ಯದರ್ಶಿ ಪಾರ್ಕಿನಲ್ಲಿ ಆಳು ನಿಲ್ಲಿಸಿಕೊಂಡು ಅಗೆಸಿದರೆ ಯಾರೂ ತಲೆಯೆತ್ತುವುದಿಲ್ಲ. ಹಾಗಾಗಿ ಅವನು ಹಗಲನ್ನೇ ಆರಿಸಿಕೊಂಡ. ಕಲ್ಲಿದ್ದದ್ದು ಕೋಣೆಗಳ ಸಾಲು ಮುಗಿದ ಮೇಲೆ, ಲಂಟಾನ ಪೊದೆಯೊಳಗೆ; ಏಳು ಅಡಿ ಆಚೆಗೂ ಪೊದೆಯೇ. ತಿಮ್ಮರಾಯಪ್ಪನ ಎರಡು ಕಣ್ಣಿಗೂ ಪೊರೆ ಬಂದು ಎದುರಿಗಿರುವವರ ಗುರುತೂ ಸಿಗುತ್ತಿರಲಿಲ್ಲ. ಒಂದು ಮಂಗಳವಾರ ಸೊಸೆ ಅವನನ್ನು ಆಪರೇಷನ್ನಿಗೆಂದು ಜಯನಗರದ ಆಸ್ಪತ್ರೆಗೆ ಕರೆದುಕೊಂಡು ಹೋಗುವುದಿತ್ತು. ಸರ್ವೆಗೆ ಅಲ್ಲಿಂದ ಇಪ್ಪತ್ತು ದಿನ. ಜೂನ್ ಮಳೆಗೆ ಇಪ್ಪತ್ತು ದಿನದಲ್ಲಿ ಕಳೆ ಮೊಣಕಾಲುದ್ದ ಬೆಳೆಯುತ್ತದೆ.

ಆಳು ಮಾತ್ರ ಬೇಕೇ ಬೇಕಿತ್ತು. ನಾಲ್ಕಡಿ ಉದ್ದದ ಚಪ್ಪಡಿ ಅವನೊಬ್ಬನಿಂದ ಅಲ್ಲಾಡುವಂಥದ್ದಲ್ಲ. ಪಾರ್ಕಿನ ನಡಿಗೆ ದಾರಿಗೆ ಕಲ್ಲು ಹಾಸುತ್ತಿದ್ದವರಲ್ಲಿ ದ್ಯಾಮಣ್ಣ ಎಂಬುವನಿದ್ದ. ಕೊಪ್ಪಳದ ಕಡೆಯವನು, ಬಂದು ಎಂಟು ತಿಂಗಳು, ಹೆಚ್ಚು ಮಾತಿಲ್ಲ. ತಿಮ್ಮರಾಯಪ್ಪನ ಕೊನೆಯ ಕೋಣೆಯಲ್ಲೇ ಹೆಂಡತಿಯೊಂದಿಗೆ ಇದ್ದ. ತನ್ನ ಬಾಗಿಲಿನ ದಾರಿಯನ್ನು ತಾನೇ ಅಗೆಯುತ್ತಿದ್ದೇನೆಂದು ಅವನಿಗೆ ಗೊತ್ತಾಗುವ ಸಂಭವವಿಲ್ಲ ಎಂದು ನಂದಕುಮಾರ್ ಲೆಕ್ಕ ಹಾಕಿದ. ಹಾಗೆ ಲೆಕ್ಕ ಹಾಕಿದ್ದಕ್ಕೆ ತನ್ನ ಮೇಲೇ ಹೇಸಿಗೆ ಎನಿಸಿ ಒಂದು ಗಳಿಗೆ ಕಣ್ಣು ಮುಚ್ಚಿ ಕೂತ.

ಮಂಗಳವಾರ ಹನ್ನೊಂದಕ್ಕೆ ಮೋಡ ಕವಿದಿತ್ತು. ತಿಮ್ಮರಾಯಪ್ಪನ ಆಟೋ ತಿರುವು ದಾಟಿದ್ದನ್ನು ಕಣ್ಣಾರೆ ನೋಡಿ ಅವನು ದ್ಯಾಮಣ್ಣನನ್ನು ಕರೆದ. ಪೊದೆ ಸವರಿ ಕಲ್ಲಿನ ಸುತ್ತ ಹಾರೆ ಹಾಕಿದ ದ್ಯಾಮಣ್ಣ ನಡುವೆ ನಿಂತ.

"ಇದು ಗಡಿ ಬಾಂದಗಲ್ಲ ಅಲ್ರಿ, ಸಾಹೇಬ್ರ?"

ಎಲ್ಲಕ್ಕೂ ಉತ್ತರ ಸಿದ್ಧಮಾಡಿಕೊಂಡಿದ್ದ ನಂದಕುಮಾರ್ ಈ ಪ್ರಶ್ನೆ ಇವನ ಬಾಯಿಂದ ಬರುತ್ತದೆ ಎಂದುಕೊಂಡಿರಲಿಲ್ಲ.

"ಅಲ್ಲಪ್ಪ. ಹಳೇ ಬೇಲಿ ಕಲ್ಲು. ದಾರಿಗೆ ಅಡ್ಡ ಬರುತ್ತೆ, ಆ ಕಡೆ ನೆಟ್ಬಿಡು," ಎಂದ. ಕೇಳದೆಯೇ ಇನ್ನೊಂದು ಮಾತು ಸೇರಿಸಿದ. "ಪಾರ್ಕಿಗೆ ಒಬ್ಬ ಮಾಲಿ ಬೇಕು. ನಿನ್ನ ಹೆಸರೇ ಹೇಳ್ತೀನಿ."

ದ್ಯಾಮಣ್ಣ ಮತ್ತೆ ಹಾರೆ ಹಾಕಿದ. ಆಮೇಲಿನ ಒಂದು ಗಂಟೆ ನಂದಕುಮಾರನಿಗೆ ಒಂದು ವರ್ಷದಷ್ಟಾಯಿತು. ಸೊಪ್ಪಿನ ಗಾಡಿ ಹೋಯಿತು. ಇಸ್ತ್ರಿ ಬಟ್ಟೆಯ ಗಂಟು ಹೊತ್ತ ಒಬ್ಬ ಹೆಂಗಸು ನಿಂತು ನೋಡಿ ಮುಂದೆ ಹೋದಳು. ಯಾರದೋ ಮಹಡಿಯಲ್ಲಿ ಕಿಟಕಿ ತೆರೆದು ಮುಚ್ಚಿತು. ಅವನು ಪೊದೆಗೆ ಬೆನ್ನು ಹಾಕಿ, ರಸ್ತೆಯ ಎರಡು ತುದಿಯ ಮೇಲೂ ಕಣ್ಣಿಟ್ಟು, ಫೋನು ಕಿವಿಗೆ ಹಿಡಿದು ಯಾರೊಂದಿಗೂ ಅಲ್ಲದ ಮಾತಾಡುತ್ತಿದ್ದ. ಬೆನ್ನ ಹಿಂದೆ ಕಲ್ಲು ಎದ್ದದ್ದು, ಉರುಳಿದ್ದು, ಹೊಸ ಗುಂಡಿಗೆ ಇಳಿದದ್ದು ಸದ್ದಿನಿಂದಲೇ ಗೊತ್ತಾಯಿತು.

ಆಮೇಲೆ ಅವನು ಒಂದನ್ನೂ ಬಿಡದೆ ಪರೀಕ್ಷಿಸಿದ. ಕಲ್ಲಿನ ತಲೆಯ ಮೇಲಿನ ಗುರುತು ಮೊದಲಿದ್ದ ದಿಕ್ಕಿಗೇ ಇತ್ತು. ಮಣ್ಣಿನ ಕಲೆಯ ಗೆರೆಯವರೆಗೆ ಹೂತಿತ್ತು, ಒಂದಂಗುಲ ಹೆಚ್ಚಿಲ್ಲ, ಕಡಿಮೆಯಿಲ್ಲ. ಸಿಮೆಂಟು ಬೇಡ, ಮಣ್ಣನ್ನೇ ಗುದ್ದಿ ಕೂರಿಸು ಎಂದಿದ್ದ, ಹಾಗೇ ಆಗಿತ್ತು. ಹಳೆಯ ಗುಂಡಿ ಮುಚ್ಚಿ, ಮೇಲೆ ತರಗೆಲೆ ಹರಡಿ, ಸವರಿದ ಲಂಟಾನದ ಕೊಂಬೆಗಳನ್ನು ಎಳೆದು ಹಾಕಿಸಿದ. ಸಂಜೆ ಮಳೆ ಬಿತ್ತು. ಕಿಟಕಿಯಲ್ಲಿ ನಿಂತು ಆ ಮಳೆ ನೋಡುತ್ತ, ತಿಂಗಳ ನಂತರ ಮೊದಲ ಸಲ ಅವನು ಎರಡು ತುತ್ತು ಹೆಚ್ಚು ಉಂಡ.

ಆದರೆ ಭಯ ಹೋಗಲಿಲ್ಲ, ಜಾಗ ಬದಲಾಯಿಸಿತಷ್ಟೆ. ದ್ಯಾಮಣ್ಣ ಯಾರೊಂದಿಗಾದರೂ ನಿಂತು ಬೀಡಿ ಸೇದುತ್ತಿದ್ದರೆ ಅವರೇನು ಮಾತಾಡುತ್ತಿದ್ದಾರೆ ಎಂದು ಅವನು ದೂರದಿಂದಲೇ ಕಿವಿಗೊಡುತ್ತಿದ್ದ. ಶೃತಿ ಒಮ್ಮೆ ಫೋನು ಮಾಡಿ, ಅಂಕಲ್, ಪಾರ್ಕ್ ವಿಷಯ ಸ್ವಲ್ಪ ಮಾತಾಡ್ಬೇಕು ಎಂದಾಗ ಕೂತ ಕುರ್ಚಿಯಲ್ಲೇ ಬೆವೆತ. ಅವಳು ಕೇಳಿದ್ದು ಸರ್ವೆಯವರಿಗೆ ಕಾಫಿ ತಿಂಡಿಯ ವ್ಯವಸ್ಥೆ ಯಾರದು ಎಂದು.

ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ಹೆದರಿಸಿದವನು ತಿಮ್ಮರಾಯಪ್ಪ. ಆಪರೇಷನ್ನಾಗಿ ವಾರ ಕಳೆದಿತ್ತು. ಕಪ್ಪು ಕನ್ನಡಕ ಹಾಕಿಕೊಂಡ ಮುದುಕ ಕೋಲೂರಿಕೊಂಡು ಬಂದು ಅವನ ಗೇಟಿನ ಮುಂದೆ ನಿಂತ. ಮನೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ, ಪಾರ್ಕಿನ ಕಡೆಯ ಗೋಡೆಯನ್ನು ಇನ್ನೂ ಹೆಚ್ಚು ಹೊತ್ತು ನೋಡಿದ.

"ಕಣ್ಣು ಈಗ ಚೆನ್ನಾಗ್ ಕಾಣ್ತದೆ ಸಾಮಿ," ಎಂದ. "ನಿಮ್ ಗೋಡೆ ಹಳದಿ ಅಂತ ಇವತ್ತೇ ನಂಗೆ ಗೊತ್ತಾಗಿದ್ದು."

ನಂದಕುಮಾರ್ ನಗಲು ಪ್ರಯತ್ನಿಸಿದ. ಕಾಫಿ ಕುಡಿದು ಹೋಗಿ ಎಂದ. ಮುದುಕ ಬೇಡವೆಂದು ಕೈಯಾಡಿಸಿ, ಹೂವಿನ ಕುಂಡಗಳ ಬಣ್ಣ ಒಂದೊಂದನ್ನೇ ಹೆಸರಿಸುತ್ತ ಮಗುವಿನಂತೆ ಖುಷಿಯಾಗಿ ಹೊರಟುಹೋದ. ಆ ಖುಷಿ ನೋಡಿ ನಂದಕುಮಾರನಿಗೆ ಬಾಯಿಬಿಟ್ಟು ಎಲ್ಲವನ್ನೂ ಹೇಳಿಬಿಡಬೇಕು ಎನಿಸಿತು. ಗೇಟಿನವರೆಗೆ ಹೋದ. ಅಗುಳಿ ಹಾಕಿ ಹಿಂದಿರುಗಿದ.

ಸರ್ವೆಯ ದಿನ ಬೆಳಿಗ್ಗೆ ಹತ್ತಕ್ಕೆ ಮೂರು ಕಾಲಿನ ಮೇಲೆ ಯಂತ್ರ ನಿಂತಿತು. ಐವತ್ತು ಅರವತ್ತು ಜನ ಸೇರಿದ್ದರು. ಪೊದೆ ಸವರಿದಾಗ ಕಲ್ಲು ಮೊಣಕಾಲುದ್ದದ ಹಸಿರಿನ ನಡುವೆ, ನೂರು ವರ್ಷದಿಂದ ಅಲ್ಲೇ ಇದ್ದಂತೆ ನಿಂತಿತ್ತು. ಸರ್ವೇಯರು ನಿವೃತ್ತಿಗೆ ಹತ್ತಿರವಾದ ಮನುಷ್ಯ, ಹೆಚ್ಚು ಮಾತಾಡದೆ ಕೆಲಸ ಮಾಡಿದರು. ಅಳತೆ ನೂರ ಮೂವತ್ತಾಯಿತು, ನೂರ ಮೂವತ್ತೈದಾಯಿತು. ನೂರ ನಲವತ್ತಕ್ಕೆ ಸರ್ವೇಯರ ಸಹಾಯಕನ ಕೈಯಲ್ಲಿದ್ದ ಕೋಲು ಹಳದಿ ಗೋಡೆಗೆ ತಾಗಿ ನಿಂತಿತು. ಯಾರೋ, ಕಾರ್ಯದರ್ಶಿ ಅಂದ್ರೆ ಹೀಗಿರಬೇಕು ನೋಡಿ ಎಂದರು.

ಪೂರ್ವದ ಗೆರೆಗೆ ಸುಣ್ಣ ಹಾಕುತ್ತ ಬಂದರು. ಬಿಳಿ ಗೆರೆ ಕೋಣೆಗಳ ಹೊಸಿಲಿಗೆ ಸಮೀಪವಾಗಿ, ಓಣಿಯನ್ನೆಲ್ಲ ಪಾರ್ಕಿಗೆ ಸೇರಿಸಿಕೊಂಡು ಹರಿಯಿತು. ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಶೃತಿಯ ಮುಖ ಸಣ್ಣದಾಯಿತು. ಇವರು ಓಡಾಡೋದು ಹೇಗೆ ಅಂಕಲ್ ಎಂದು ಅವಳು ಮೆಲ್ಲಗೆ ಕೇಳಿದಳು. ಗಡುವು ಕೊಡೋಣ, ಮಾನವೀಯತೆಯಿಂದ ನೋಡೋಣ ಎಂದು ನಂದಕುಮಾರ್ ತಿಂಗಳಿಂದ ಕಾದಿಟ್ಟಿದ್ದ ಮಾತನ್ನು ಹೇಳಿದ. ದನಿ ನಡುಗಲಿಲ್ಲ. ತಿಮ್ಮರಾಯಪ್ಪ ಮಾತ್ರ ಕನ್ನಡಕ ತೆಗೆದು ಕಲ್ಲನ್ನೂ ಸುಣ್ಣದ ಗೆರೆಯನ್ನೂ ಬಹಳ ಹೊತ್ತು ನೋಡಿದ. ಸರ್ವೇಯರು ಅವನ ಕಡೆ ತಿರುಗಿ, ಒಪ್ಪಿಗೆಯಾದರೆ ಇಲ್ಲಿ ಹೆಬ್ಬೆಟ್ಟು ಹಾಕಿ ಎಂದು ಕಾಗದ ನೀಡಿದರು.

"ಹಾಕ್ತೀನಿ ಸಾಮಿ. ಅದಕ್ ಮುಂಚೆ ಕಲ್ಲಿನ ಬುಡ ಒಸಿ ಅಗೆಸಿ ನೋಡಿ," ಎಂದ ತಿಮ್ಮರಾಯಪ್ಪ. "ಇದನ್ನ ನೆಟ್ಟಿದ್ದು ನಮ್ಮಪ್ಪ. ನೆಡೋ ಮುಂಚೆ ಗುಂಡಿಗೆ ಒಂದು ಮಂಕರಿ ಇದ್ದಿಲು ಸುರಿದಿದ್ದ. ಕಲ್ಲು ಎತ್ಕೊಂಡು ಹೋಗೋರು ಇದ್ದಿಲು ಎತ್ಕೊಂಡು ಹೋಗಲ್ಲ, ಮಣ್ಣಲ್ಲಿ ಅದು ಕೊಳೆಯೋದೂ ಇಲ್ಲ ಅಂತಿದ್ದ." ಹೌದು, ಹಿಂದೆ ಹಾಗೇ ಮಾಡುತ್ತಿದ್ದರು ಎಂದು ಸರ್ವೇಯರು ತಲೆಯಾಡಿಸಿ, ಅಗೆಯುವವರು ಯಾರಾದರೂ ಬನ್ನಿ ಎಂದರು. ಗುಂಪಿನಿಂದ ದ್ಯಾಮಣ್ಣ ಗುದ್ದಲಿ ಹಿಡಿದು ಮುಂದೆ ಬಂದ. ಅವನು ಕಲ್ಲಿನ ಹತ್ತಿರ ನಿಲ್ಲಲಿಲ್ಲ. ನಂದಕುಮಾರನ ಮುಖವನ್ನೊಮ್ಮೆ ನೋಡಿ, ಕಲ್ಲನ್ನು ದಾಟಿ ಪಶ್ಚಿಮಕ್ಕೆ ಏಳು ಅಡಿ ನಡೆದು, ಕಳೆ ತುಂಬಿದ ಬರಿ ನೆಲಕ್ಕೆ ಗುದ್ದಲಿ ಹಾಕಿದ. ಆ ಮಂಗಳವಾರ ತಾನು ರಸ್ತೆಯ ಎರಡು ತುದಿಯನ್ನೂ ನೋಡಿದ್ದೆ, ಮಹಡಿಯ ಕಿಟಕಿಯನ್ನು ನೋಡಿದ್ದೆ, ಗುಂಡಿಯೊಳಕ್ಕೆ ಮಾತ್ರ ಒಂದು ಸಲವೂ ಇಣುಕಿರಲಿಲ್ಲ ಎಂಬುದು ನಂದಕುಮಾರನಿಗೆ ಆಗ ಹೊಳೆಯಿತು. ನಾಲ್ಕನೆಯದೋ ಐದನೆಯದೋ ಏಟಿಗೆ ಕೆಂಪು ಮಣ್ಣಿನ ಅಡಿಯಿಂದ ಗುದ್ದಲಿಯ ಬಾಯಿ ಕಪ್ಪಾಗಿ ಮೇಲೆ ಬಂತು.